ಬಾನೆಟ್ ಕೆಳಗೊಂದು ಬಾನುಲಿ ಕೇಂದ್ರ

ಹಳೆಯ ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿ ಒಮ್ಮೆ ಇಣುಕಿ ನೋಡಿ. ಒಂದು ಇಗ್ನಿಷನ್ ಕಾಯಿಲ್, ಅದರಿಂದ ಹೊರಟು ಡಿಸ್ಟ್ರಿಬ್ಯೂಟರಿನ ನೆತ್ತಿಗೆ ಸೇರುವ ಒಂದು ದಪ್ಪ ವೈರು, ಅಲ್ಲಿಂದ ನಾಲ್ಕು ಪ್ಲಗ್ಗುಗಳಿಗೆ ನಾಲ್ಕು ವೈರು. ಮೆಕ್ಯಾನಿಕ್ಕಿನ ಕಣ್ಣಿಗೆ ಇದು ಗಾಡಿ ಸ್ಟಾರ್ಟ್ ಆಗಲು ಬೇಕಾದ ಸಾಮಾನು, ಅಷ್ಟೆ. ಆದರೆ ಇದನ್ನೇ ಹೊತ್ತೊಯ್ದು 1887ರ ಜರ್ಮನಿಯಲ್ಲಿ, ಕಾರ್ಲ್ಸ್‌ರೂಹೆಯ ಪ್ರಯೋಗಶಾಲೆಯಲ್ಲಿ ಹೈನ್ರಿಕ್ ಹರ್ಟ್ಸ್ ಎದುರಿಗೆ ಇಟ್ಟಿದ್ದರೆ ಆತ ಕಂಡಕೂಡಲೇ ಗುರುತು ಹಿಡಿಯುತ್ತಿದ್ದ! ಅವನ ಮೇಜಿನ ಮೇಲೆ ಇದ್ದದ್ದೂ ಇದೇ ತಾನೆ: ಬ್ಯಾಟರಿ, ಕಾಯಿಲ್, ಕರೆಂಟನ್ನು ಪಟ್ಟನೆ ಕಡಿಯುವ ಒಂದು ಸಾಧನ, ಎರಡು ಲೋಹದ ತುದಿಗಳ ನಡುವೆ ಸಣ್ಣದೊಂದು ಸಂದು, ಆ ಸಂದಿನಲ್ಲಿ ಹಾರುವ ಕಿಡಿ. ಇಲ್ಲಿ ಕಿಡಿ ಹಾರಿದಾಗಲೆಲ್ಲ ಕೋಣೆಯ ಇನ್ನೊಂದು ಕಡೆ ಇಟ್ಟಿದ್ದ ತಂತಿಯ ಬಳೆಯ ಸಂದಿನಲ್ಲೂ ಸಣ್ಣ ಕಿಡಿ ಹಾರಿತು. ಜಗತ್ತಿಗೆ ರೇಡಿಯೊ ತರಂಗ ಸಿಕ್ಕಿದ್ದು ಹಾಗೆ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ದಾಟಿಸಿದ ಸಂಕೇತವೂ ಕಿಡಿಯಿಂದಲೇ ಹುಟ್ಟಿದ್ದು.

ಹಾಗಾದರೆ ಹಳೆಯ ಕಾರಿನ ರೇಡಿಯೊ ಗೊರಗೊರ ಎನ್ನುವುದಕ್ಕೆ ‘ಪಕ್ಕದಲ್ಲೇ ಎಂಜಿನ್ ಇದೆಯಲ್ಲ’ ಎಂಬ ಉತ್ತರ ಸಾಲದು. ಆ ಎಂಜಿನ್ನೇ ಒಂದು ಪ್ರಸಾರ ಕೇಂದ್ರ! ಲೈಸೆನ್ಸಿಲ್ಲದ, ಕಾರ್ಯಕ್ರಮವಿಲ್ಲದ, ಡಯಲ್ಲಿನ ಯಾವ ಮೂಲೆಗೆ ಮುಳ್ಳು ತಿರುಗಿಸಿದರೂ ಕೇಳಿಸುವ ಕೇಂದ್ರ. ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ಗುನುಗುತ್ತಿರುವಾಗಲೂ ಸೆಕೆಂಡಿಗೆ ಹತ್ತಿರ ಹತ್ತಿರ 27 ಕಿಡಿ. 3000 ಸುತ್ತಿಗೆ ಏರಿದರೆ ಸೆಕೆಂಡಿಗೆ ನೂರು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನ ಟಿಕ್‌ಟಿಕ್ ಟರ್ರ್ ಆಗಿ, ಟರ್ರ್ ಎಂಬುದು ಗುಂಯ್ ಆಗಿ ಏರುವುದು ಇದಕ್ಕೇ. ನಿಮ್ಮ ಬಲಗಾಲು ಒಂದು ಪ್ರಸಾರ ಯಂತ್ರವನ್ನು ನಡೆಸುತ್ತಿದೆ!

ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಿದವರಿಗೆ ಇದರ ಸಾಕ್ಷಿ ಕಣ್ಣಲ್ಲೇ ಉಳಿದಿರುತ್ತದೆ. ಭಾನುವಾರದ ಸಿನಿಮಾ ನಡೆಯುತ್ತಿರುವಾಗ ರಸ್ತೆಯಲ್ಲಿ ಒಂದು ಸ್ಕೂಟರ್ ಹೋದರೆ ಸಾಕು, ಪರದೆಯ ತುಂಬ ಚುಕ್ಕಿಗಳ ಸಾಲು. ಯಾರೋ ಒಬ್ಬರು ಆಂಟೆನಾ ತಿರುಗಿಸಲು ತಾರಸಿಗೆ ಓಡುತ್ತಿದ್ದರು. ಆಂಟೆನಾದ ತಪ್ಪೇನೂ ಇರುತ್ತಿರಲಿಲ್ಲ. ಸ್ಕೂಟರು ತನ್ನ ಪಾಡಿಗೆ ಪ್ರಸಾರ ಮಾಡಿಕೊಂಡು ಹೋಗುತ್ತಿತ್ತು!

ಇನ್ನೂ ಒಳಗೆ ಹೋದರೆ ಬೆರಗು ಹೆಚ್ಚುತ್ತದೆ. ಒಂದು ಸಿಲಿಂಡರ್ ಒಮ್ಮೆ ಉರಿಯಲು ಒಂದೇ ಕಿಡಿ ಎಂದುಕೊಂಡಿದ್ದೇವಲ್ಲ, ನಿಜದಲ್ಲಿ ಹಾರುವುದು ಒಂದಲ್ಲ. ಕಾಯಿಲಿನ ಕರೆಂಟನ್ನು ಕಡಿಯುವ ಪಾಯಿಂಟುಗಳು ಬಾಯಿ ಬಿಡುವಾಗ ಅಲ್ಲೊಂದು ಪುಟ್ಟ ಕಿಡಿ ಹಾರಲು ನೋಡುತ್ತದೆ. ಅದನ್ನು ಪಕ್ಕದ ಕಂಡೆನ್ಸರ್ ನುಂಗಿಕೊಳ್ಳುತ್ತದೆ. ಆಮೇಲೆ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಇದೆಯಲ್ಲ, ಅದರ ತುದಿ ಮುಚ್ಚಳದ ಹಿತ್ತಾಳೆಗೆ ತಾಗುವುದೇ ಇಲ್ಲ. ನಡುವೆ ಸಂದಿದೆ, ಅಲ್ಲೊಂದು ಕಿಡಿ. ಕೊನೆಗೆ ಪ್ಲಗ್ಗಿನ ಬಾಯಲ್ಲಿ ಇನ್ನೊಂದು. ಹತ್ತಾರು ಸಾವಿರ ವೋಲ್ಟು ಗಾಳಿಯನ್ನು ಸೀಳುವುದು ನ್ಯಾನೊಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದೊಂದು ಭಾಗದ ಲೆಕ್ಕದಲ್ಲಿ. ಅಷ್ಟು ಪಟ್ಟನೆ ಹುಟ್ಟಿದ ಕರೆಂಟು ಯಾವುದೋ ಒಂದು ತರಂಗಾಂತರಕ್ಕೆ ಕಟ್ಟುಬೀಳುವುದಿಲ್ಲ. ಮಧ್ಯಮ ತರಂಗದಿಂದ ಎಫ್‌ಎಂವರೆಗೆ, ಅದರಾಚೆಗೂ ಹರಡಿಕೊಳ್ಳುತ್ತದೆ. ಪ್ಲಗ್ ವೈರು ಅದಕ್ಕೆ ಏರಿಯಲ್! ಅರ್ಧ ಮೀಟರಿನ ವೈರಿಗೆ ಕಾಲು ತರಂಗದ ಲೆಕ್ಕ ಹಾಕಿದರೆ 150 ಮೆಗಾಹರ್ಟ್ಸ್ ಬರುತ್ತದೆ. ಯಾರೂ ಹೇಳದೆ, ಯಾರೂ ಅಳೆಯದೆ, ಎಂಜಿನ್ ತಾನೇ ತನಗೊಂದು ಪ್ರಸಾರ ಗೋಪುರ ಕಟ್ಟಿಕೊಂಡಿದೆ.

ಈಗ ಇದನ್ನು ಸುಮ್ಮನಾಗಿಸುವುದು ಹೇಗೆ? ಕಿಡಿ ನಿಲ್ಲಿಸಿದರೆ ಗಾಡಿಯೂ ನಿಲ್ಲುತ್ತದೆ. ಇಲ್ಲೇ ನನಗೆ ನಿಜಕ್ಕೂ ಬೆರಗು ಹುಟ್ಟಿಸಿದ ಉಪಾಯ ಇರುವುದು. ಪ್ಲಗ್ಗಿನ ದಾರಿಯಲ್ಲಿ ಸುಮಾರು 5000 ಓಮ್‌ನ ಒಂದು ರೆಸಿಸ್ಟರ್ ಇಡಿ. ಅಷ್ಟೇ!

ಕೇಳಿದರೆ ಹುಚ್ಚು ಅನಿಸುತ್ತದೆ. ಕಿಡಿಗೆ ಹೋಗುವ ಕರೆಂಟಿಗೇ ಅಡ್ಡ ಹಾಕಿದರೆ ಕಿಡಿ ಸೊರಗುವುದಿಲ್ಲವೆ? ಸೊರಗುವುದಿಲ್ಲ, ಯಾಕೆಂದು ನೋಡಿ. ಕಿಡಿ ಹಾರುವ ಮುಂಚೆ ವೈರಿನಲ್ಲಿ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಬರೀ ವೋಲ್ಟೇಜ್ ಏರುತ್ತಿರುತ್ತದೆ. ಕರೆಂಟೇ ಇಲ್ಲದಿದ್ದರೆ ರೆಸಿಸ್ಟರ್ ಕಿತ್ತುಕೊಳ್ಳುವುದೇನನ್ನು? ಇದ್ದಷ್ಟೂ ವೋಲ್ಟೇಜು ಪ್ಲಗ್ಗಿನ ತುದಿಗೆ ತಲುಪಿ ಗಾಳಿ ಸೀಳುತ್ತದೆ. ಸೀಳಿದ ಆ ಕ್ಷಣದಲ್ಲಿ ವೈರಿನಲ್ಲಿ ತುಂಬಿದ್ದ ಚಾರ್ಜೆಲ್ಲ ಹತ್ತಾರು ಆಂಪಿಯರಿನ ಒಂದೇ ಏಟಿಗೆ ನುಗ್ಗಲು ನೋಡುತ್ತದೆ. ಪೆಟ್ರೋಲ್ ಹೊತ್ತಲು ಆ ನುಗ್ಗಾಟ ಬೇಕಿಲ್ಲ. ರೇಡಿಯೊ ಕೆಡಿಸುವುದು ಮಾತ್ರ ಅದೇ. ರೆಸಿಸ್ಟರ್ ಅಲ್ಲಿ ಅಡ್ಡ ನಿಲ್ಲುತ್ತದೆ. ಆಮೇಲೆ ಒಂದು ಮಿಲಿಸೆಕೆಂಡಿನಷ್ಟು ಹೊತ್ತು ಕಿಡಿಯನ್ನು ಉರಿಸಿಟ್ಟು ಪೆಟ್ರೋಲಿಗೆ ಬೆಂಕಿ ಮುಟ್ಟಿಸುವುದು ಹತ್ತಾರು ಮಿಲಿಆಂಪಿಯರ್ ಮಾತ್ರ. 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ 5000 ಓಮ್‌ನಲ್ಲಿ ಕಳೆದುಹೋಗುವುದು 250 ವೋಲ್ಟು. ಸಾವಿರಗಳ ಲೆಕ್ಕದಲ್ಲಿ ಅದೊಂದು ನಷ್ಟವೇ? ಎಂಜಿನ್ನಿಗೆ ಬೇಕಾದ ಕಿಡಿ ಮತ್ತು ರೇಡಿಯೊಗೆ ಬೇಡವಾದ ಕಿಡಿ ಒಂದೇ ಕಿಡಿಯೊಳಗೆ ಹಿಂದೆ ಮುಂದೆ ನಿಂತಿದ್ದಾವೆ, ಒಂದು ಜುಜುಬಿ ರೆಸಿಸ್ಟರ್ ಅವೆರಡನ್ನೂ ಬೇರೆ ಮಾಡುತ್ತದೆ!

ಹೆಚ್ಚಿನ ಕಂಪನಿಗಳ ಪ್ಲಗ್ ನಂಬರಿನಲ್ಲಿ ಇಂಗ್ಲಿಷಿನ ‘ಆರ್’ ಅಕ್ಷರ ಇದ್ದರೆ ರೆಸಿಸ್ಟರ್ ಒಳಗೇ ಇದೆ ಎಂದರ್ಥ. ಇಲ್ಲವೇ ವೈರಿನ ಒಳಗೆ ತಾಮ್ರದ ಬದಲು ಕಾರ್ಬನ್ ತುಂಬಿದ ಎಳೆ ಇರುತ್ತದೆ. ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತದೆ: ತಾಮ್ರ ಸೊನ್ನೆ ತೋರಿಸುತ್ತದೆ, ಕಾರ್ಬನ್ ವೈರು ಸಾವಿರಾರು ಓಮ್ ತೋರಿಸುತ್ತದೆ. ‘ಒರಿಜಿನಲ್ ಲುಕ್’ ಬೇಕೆಂದು ತಾಮ್ರದ ವೈರು ಹುಡುಕಿ ಹಾಕಿಸುವವರಿದ್ದಾರೆ. ಹಾಕಿಸಿಕೊಳ್ಳಲಿ, ಆದರೆ ಆಮೇಲೆ ರೇಡಿಯೊವನ್ನು ಬೈಯಬಾರದು.

ಈ ಯುದ್ಧ ಕಾರ್ ರೇಡಿಯೊದಷ್ಟೇ ಹಳೆಯದು. 1930ರಲ್ಲಿ ಶಿಕಾಗೊದ ಪಾಲ್ ಗ್ಯಾಲ್ವಿನ್ ತನ್ನ ಸ್ಟೂಡಿಬೇಕರ್ ಕಾರಿಗೆ ರೇಡಿಯೊ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ತಯಾರಕರ ಸಮ್ಮೇಳನಕ್ಕೆ ಹೊರಟ. ಮಳಿಗೆ ಹಿಡಿಯಲು ದುಡ್ಡಿರಲಿಲ್ಲ. ಹೊರಗೆ ಗಾಡಿ ನಿಲ್ಲಿಸಿ ವಾಲ್ಯೂಮ್ ಏರಿಸಿಬಿಟ್ಟ! ಆ ಸೆಟ್ಟಿಗೆ ಇಟ್ಟ ಹೆಸರೇ ಮೋಟೊರೋಲ, ಆಮೇಲೆ ಕಂಪನಿಗೂ ಅದೇ ಹೆಸರಾಯಿತು. ಅವರ ಸಾಧನೆ ಕಾರಿನಲ್ಲಿ ರೇಡಿಯೊ ಇಟ್ಟದ್ದು ಎನ್ನುತ್ತಾರೆ. ನನ್ನನ್ನು ಕೇಳಿದರೆ, ಓಡುವ ಎಂಜಿನ್ನಿನ ಪಕ್ಕದಲ್ಲಿ ಅದು ಕೇಳಿಸುವಂತೆ ಮಾಡಿದ್ದು ದೊಡ್ಡ ಸಾಧನೆ. ಆ ಕಾಲದ ವಾಲ್ವ್ ಸೆಟ್ಟುಗಳಿಗೆ ನೂರಕ್ಕೂ ಹೆಚ್ಚು ವೋಲ್ಟ್ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಅದಕ್ಕೆಂದೇ ‘ವೈಬ್ರೇಟರ್’ ಎಂಬ ಗುಂಯ್‌ಗುಡುವ ಡಬ್ಬಿ ಬಂತು. ಬ್ಯಾಟರಿಯ ಕರೆಂಟನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುವ ಡಬ್ಬಿ. ಅಂದರೆ ರೇಡಿಯೊದ ಹೊಟ್ಟೆಯಲ್ಲೇ ಇನ್ನೊಂದು ಕಿಡಿಯಂತ್ರ!

ಪ್ಲಗ್ಗಿನ ಗಲಾಟೆ ಅಡಗಿದರೆ ಅದರ ಹಿಂದೆ ಅಡಗಿದ್ದ ಉಳಿದವು ಒಂದೊಂದಾಗಿ ಕೇಳಿಸತೊಡಗುತ್ತವೆ. ಇಲ್ಲಿಂದ ಆಟ ಕಿವಿಯದು, ಮತ್ತು ಇದು ಎಷ್ಟು ರೋಮಾಂಚಕವೆಂದರೆ ಒಮ್ಮೆ ಕಿವಿ ಕೂತರೆ ಬಾನೆಟ್ ಎತ್ತದೆಯೇ ಗಾಡಿಯ ಅಂಗಾಂಗ ಹೇಳಬಹುದು. ಎಂಜಿನ್ ವೇಗದ ಜೊತೆ ಏರಿಳಿಯುವ ಸಣ್ಣ ಸಿಳ್ಳೆಯೇ? ಅದು ಡೈನಮೊ. ಅದರ ಕಾರ್ಬನ್ ಬ್ರಷ್ಷು ತಿರುಗುವ ಕಮ್ಯುಟೇಟರಿಗೆ ಉಜ್ಜುವಾಗ ಕಿಡಿ ಹಾರುತ್ತದೆ. ಬೆಳಗ್ಗೆ ಪ್ರದೇಶ ಸಮಾಚಾರದ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಮಿಕ್ಸಿ ರೇಡಿಯೊ ಕೆಡಿಸುತ್ತಿದ್ದುದೂ ಇದೇ ಬ್ರಷ್ಷಿನ ಕಿಡಿಯಿಂದ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಹೊತ್ತುಗೊತ್ತಿಲ್ಲದೆ ಬರುವ ಕರಕರವೇ? ಅದು ಡೈನಮೊದ ಕರೆಂಟನ್ನು ಹದ್ದಿನಲ್ಲಿಡುವ ಕಟ್‌ಔಟ್ ಡಬ್ಬಿಯ ಪಾಯಿಂಟುಗಳು. ಎಂಜಿನ್ ಆಫ್ ಮಾಡಿ ಕೀ ಮಾತ್ರ ತಿರುಗಿಸಿದಾಗಲೂ ಟಕ್, ಸ್ವಲ್ಪ ಬಿಟ್ಟು ಟಕ್? ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಅದು ಎಲೆಕ್ಟ್ರಿಕ್ ಪೆಟ್ರೋಲ್ ಪಂಪು. ಇಲ್ಲವೇ ಡ್ಯಾಶ್‌ಬೋರ್ಡಿನ ಮೀಟರುಗಳಿಗೆ ವೋಲ್ಟೇಜ್ ಹದಗೊಳಿಸುವ ಪುಟ್ಟ ಡಬ್ಬಿ, ಅದರೊಳಗೊಂದು ಲೋಹದ ಪಟ್ಟಿ ಬಿಸಿಯಾಗಿ ಬಾಗಿ ತಾಗಿ ಬಿಡುತ್ತಿರುತ್ತದೆ. ಪೆಟ್ರೋಲ್ ಗೇಜಿನ ಮುಳ್ಳು ತಲೆಯೆತ್ತಿ ನಿಂತಿರುವುದನ್ನು ರೇಡಿಯೊದಲ್ಲಿ ಕೇಳಬಹುದು!

ಡೈನಮೊದ ಸಿಳ್ಳೆ ಅಡಗಿಸಲು ಅದರ ಔಟ್‌ಪುಟ್ ತುದಿಗೆ ಒಂದು ಮೈಕ್ರೊಫ್ಯಾರಡ್‌ನ ಆಸುಪಾಸಿನ ಸಪ್ರೆಸರ್ ಕಂಡೆನ್ಸರ್ ಸಾಕು. ಆದರೆ ಪಕ್ಕದಲ್ಲೇ ಇರುವ ಫೀಲ್ಡ್ ತುದಿಗೆ ಅದನ್ನು ಹಾಕಿದಿರೋ, ರೆಗ್ಯುಲೇಟರ್ ಪಾಯಿಂಟುಗಳು ಸುಟ್ಟುಕೊಳ್ಳುತ್ತವೆ. ಕಾಯಿಲಿಗೂ ಅಷ್ಟೆ: ಸ್ವಿಚ್ಚಿನಿಂದ ವೈರು ಬರುವ ತುದಿಗೆ ಹಾಕಬೇಕು, ಡಿಸ್ಟ್ರಿಬ್ಯೂಟರಿನ ಕಡೆಗೆ ಹಾಕಿದರೆ ಕಿಡಿಯೇ ಕೆಡುತ್ತದೆ. ಸಿಕ್ಕಸಿಕ್ಕಲ್ಲಿ ಕಂಡೆನ್ಸರ್ ನೇತುಹಾಕುವ ಚಾಳಿ ನಮ್ಮಲ್ಲಿ ಬಹಳ. ಹತ್ತು ಹಾಕಿದರೆ ಹತ್ತು ಪಾಲು ನಿಶ್ಶಬ್ದ ಎಂಬ ನಂಬಿಕೆ.

ನೇತುಹಾಕಿದ್ದೂ ಕೆಲಸ ಮಾಡದಿರಲು ಇನ್ನೊಂದು ಸೋಜಿಗದ ಕಾರಣವಿದೆ. ಕಂಡೆನ್ಸರಿನ ಬಾಲದಂತಿರುವ ವೈರು ಹತ್ತು ಸೆಂಟಿಮೀಟರ್ ಇದೆ ಎನ್ನಿ. ಮಲ್ಟಿಮೀಟರಿಗೆ ಅದು ಸೊನ್ನೆ ಓಮ್. ಬೆಂಗಳೂರಿನ ಮಧ್ಯಮ ತರಂಗಕ್ಕೆ ಅರ್ಧ ಓಮ್ ಕೂಡ ಅಲ್ಲ. ಆದರೆ ನೂರು ಮೆಗಾಹರ್ಟ್ಸಿನ ಎಫ್‌ಎಂ ಗಲಾಟೆಗೆ ಅದೇ ವೈರು ಅರವತ್ತು ಓಮ್‌ಗೂ ಮೀರಿದ ತಡೆ! ವೈರಿಗೂ ಒಂದಿಷ್ಟು ಇಂಡಕ್ಟೆನ್ಸ್ ಇದೆಯಲ್ಲ, ತರಂಗಾಂತರ ಏರಿದಂತೆ ಅದು ಗೋಡೆಯಾಗುತ್ತ ಹೋಗುತ್ತದೆ. ನೆಟ್ಟಗೆ ಕಣ್ಣೆದುರಿಗಿರುವ ತಾಮ್ರದ ತಂತಿ ಒಬ್ಬರಿಗೆ ಹೆದ್ದಾರಿ, ಇನ್ನೊಬ್ಬರಿಗೆ ಮುಚ್ಚಿದ ಗೇಟು. ಹಾಗಾಗಿ ವೈರು ಗೇಣುದ್ದವಲ್ಲ, ಬೆರಳುದ್ದವೂ ಇರಬಾರದು. ಅರ್ತ್ ಕೊಡಲು ದುಂಡು ವೈರಿಗಿಂತ ಹೆಣೆದ ಚಪ್ಪಟೆ ತಾಮ್ರದ ಪಟ್ಟಿ ಮೇಲು.

ಅರ್ತ್ ಎಂದ ಮೇಲೆ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ ಕೂತ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ನನ್ನ ಜ್ಞಾನವನ್ನೆಲ್ಲ ಒಪ್ಪಿಸುತ್ತಿದ್ದೆ. ಅವರು ಬೀಡಿ ಕೆಳಗಿಟ್ಟು, ‘ಅದೆಲ್ಲ ಇರ್ಲಿ ಸಾರ್, ಮೊದ್ಲು ಏರಿಯಲ್ ಕಿತ್ತು ನೋಡಿದ್ರಾ?’ ಅಂದರು. ಸೆಟ್ಟಿನ ಹಿಂದಿನಿಂದ ಏರಿಯಲ್ ಪಿನ್ ಎಳೆದಾಗ ಗಲಾಟೆ ನಿಂತರೆ ಅದು ಗಾಳಿಯಲ್ಲಿ ಬರುತ್ತಿದೆ, ನಿಲ್ಲದಿದ್ದರೆ ಕರೆಂಟಿನ ವೈರಿನಲ್ಲಿ ಬರುತ್ತಿದೆ. ಇಷ್ಟು ಸರಳ ಪರೀಕ್ಷೆ ಮುಂದಿನ ಅರ್ಧ ಕೆಲಸ ಉಳಿಸುತ್ತದೆ. ‘ಗಾಳೀಲಿ ಬಂದ್ರೆ ಏರಿಯಲ್ ಬುಡ ನೋಡಿ. ಪೇಂಟ್ ಮೇಲೆ ಕೂರಿಸಿರ್ತಾರೆ, ಅರ್ತೇ ಇರಲ್ಲ.’ ನೂರಕ್ಕೆ ನೂರು ಸರಿ. ಏರಿಯಲ್ ಕೇಬಲ್ಲಿನ ಹೊರಗಿನ ಜಾಲರಿ ಬುಡದಲ್ಲಿ ಬರೀ ಲೋಹಕ್ಕೆ ಕಚ್ಚಿಕೊಳ್ಳದಿದ್ದರೆ ಇಡೀ ಕೇಬಲ್ಲೇ ಏರಿಯಲ್ಲಾಗಿ, ಎಂಜಿನ್ ಪಕ್ಕದ ಗಲಾಟೆಯನ್ನೆಲ್ಲ ಹೀರಿಕೊಂಡು ಬರುತ್ತದೆ. ಟಿಂಕರಿಂಗ್, ಪೇಂಟಿಂಗ್ ಮುಗಿಸಿ ಮಿರಮಿರ ಮಿಂಚುವ ಗಾಡಿಗಳಲ್ಲೇ ಈ ಕಾಯಿಲೆ ಜಾಸ್ತಿ. ಬಾನೆಟ್ಟಿನ ಕೀಲಿಗೂ ಬಣ್ಣ ಬಿದ್ದಿರುತ್ತದೆ. ಬಾಡಿಯಿಂದ ಬೇರೆಯಾದ ಬಾನೆಟ್ಟು ಕೆಳಗಿನ ಕಿಡಿಯನ್ನು ಮುಚ್ಚುವ ಬದಲು ಅದನ್ನೇ ಹೊರಗೆ ಬೀರುವ ದೊಡ್ಡ ತಗಡಾಗುತ್ತದೆ.

ಇನ್ನು ತುಕ್ಕು! ತುಕ್ಕು ಹಿಡಿದ ಬೋಲ್ಟು ಕರೆಂಟನ್ನು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಿಡುತ್ತದೆ. ಅಂದರೆ ಅದೊಂದು ಒರಟು ಡಯೋಡು. ಕೋಲ್ಕತ್ತದ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ರೇಡಿಯೊ ತರಂಗ ಹಿಡಿಯುವ ಸಾಧನ ಮಾಡಿ ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರಲ್ಲ, ಅದರ ಬಡ ಸಂಬಂಧಿಯೊಂದು ನಿಮ್ಮ ಮಡ್‌ಗಾರ್ಡಿನ ಕೆಳಗೆ ಕೂತು ಸಿಕ್ಕ ಸಿಕ್ಕ ತರಂಗಗಳನ್ನು ಒಂದಕ್ಕೊಂದು ಬೆರೆಸಿ ಹೊಸ ಗಲಾಟೆ ಹುಟ್ಟಿಸುತ್ತಿದೆ.

ಚಕ್ರಗಳ ಕತೆ ಇನ್ನೂ ವಿಚಿತ್ರ. ಒಣ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಮಾತ್ರ ಸರಸರ ಸದ್ದು. ಬ್ರೇಕನ್ನು ಹಗುರವಾಗಿ ಮುಟ್ಟಿದರೆ ಮಾಯ! ಎಂಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ಟೈರು ರಸ್ತೆಗೆ ಉಜ್ಜಿ ಸ್ಥಾಯಿ ವಿದ್ಯುತ್ತು ಕೂಡುತ್ತದೆ. ಉರುಳುವ ಬೇರಿಂಗಿನಲ್ಲಿ ಗ್ರೀಸಿನ ಪದರವೇ ತಡೆಗೋಡೆಯಾಗಿ ಮುಂಚಕ್ರ ಗಾಡಿಯಿಂದ ವಿದ್ಯುತ್ತಿನ ಮಟ್ಟಿಗೆ ಬೇರೆಯಾಗಿಬಿಡುತ್ತದೆ. ಚಾರ್ಜು ತುಂಬಿ ತುಂಬಿ ಗ್ರೀಸನ್ನು ಸೀಳಿ ಹಾರುತ್ತದೆ. ಬ್ರೇಕ್ ಶೂ ಡ್ರಮ್ಮಿಗೆ ತಾಗಿದ ಕ್ಷಣ ದಾರಿ ಸಿಕ್ಕಿ ಹರಿದುಹೋಗುತ್ತದೆ. ಹಿಂದಿನವರು ಇದಕ್ಕೆಂದೇ ಗ್ರೀಸ್ ಕ್ಯಾಪಿನೊಳಗೆ, ಅಚ್ಚಿನ ತುದಿಗೆ ತಾಗುವ ಒಂದು ಪುಟ್ಟ ಸ್ಪ್ರಿಂಗ್ ಇಡುತ್ತಿದ್ದರು. ಟ್ಯೂಬಿನೊಳಗೆ ಪುಡಿ ಊದುವುದೂ ಇತ್ತು. ಯಾವ ಪುಣ್ಯಾತ್ಮ ಮೊದಲು ಬ್ರೇಕ್ ಒತ್ತಿ ರೇಡಿಯೊ ಕೇಳಿ ಇದನ್ನು ಕಂಡುಹಿಡಿದನೋ!

ಇಷ್ಟೆಲ್ಲ ಆದಮೇಲೆ ಬರುತ್ತದೆ ಆಧುನಿಕತೆ. ಹಳೆಯ ಮುಖ, ಹಳೆಯ ಗುಂಡಿ, ಹಳೆಯ ದೀಪದ ಡಯಲ್ ಹಾಗೇ ಇರಲಿ, ಒಳಗೆ ಒಂದು ಬ್ಲೂಟೂತ್ ಬೋರ್ಡ್ ಕೂರಿಸೋಣ ಎಂಬ ಆಸೆ ಎಲ್ಲರಿಗೂ. ಒಳ್ಳೆಯ ಆಸೆಯೇ, ಹಳೆಯ ರೇಡಿಯೊವನ್ನು ಬಗೆದು ಬರೀ ಚಿಪ್ಪು ಉಳಿಸಿಕೊಳ್ಳದಿದ್ದರೆ. ಮಧ್ಯಮ ತರಂಗದ ಸೆಟ್ಟು ಜೀವಂತ ಇರಬೇಕು, ವಾಲ್ಯೂಮ್ ಕಂಟ್ರೋಲಿನ ಹತ್ತಿರ ಒಂದು ಸ್ವಿಚ್ಚಿಟ್ಟು ಹೊಸದನ್ನು ಸೇರಿಸಬೇಕು ಎಂಬುದು ನನ್ನ ಪಕ್ಷ. ಆ ಬೋರ್ಡಿಗೆ ಐದು ವೋಲ್ಟ್ ಬೇಕು, ಗಾಡಿಯಲ್ಲಿರುವುದು ಹನ್ನೆರಡರಿಂದ ಹದಿನಾಲ್ಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೇಳಿದರೆ ಬೆರಳಗಲದ ಒಂದು ನೀಲಿ ಬೋರ್ಡ್ ಕೊಡುತ್ತಾರೆ, ಮೇಲೆ ಎಲ್‌ಎಂ 2596 ಎಂಬ ಐಸಿ. ಬಿಸಿಯಾಗುವುದು ಕಡಿಮೆ, ಸದ್ದಿಲ್ಲ, ಕಿಡಿಯಿಲ್ಲ, ತಿರುಗುವ ಭಾಗವಿಲ್ಲ. ಆದರೆ ಕೂರಿಸಿ ಸ್ವಿಚ್ ಹಾಕಿದರೆ ಎಂಜಿನ್ ಆಫ್ ಇದ್ದಾಗಲೂ ಡಯಲ್ಲಿನ ಉದ್ದಕ್ಕೂ ಸಿಳ್ಳೆ!

ಯಾಕೆ? ಆ ಐಸಿ ಕರೆಂಟನ್ನು ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಕಡಿಯುತ್ತದೆ: 150 ಕಿಲೋಹರ್ಟ್ಸ್. ಹಳೆಯ ವೈಬ್ರೇಟರ್ ಡಬ್ಬಿಯ ಮರಿಮಗ! ಆ ಕಡಿತದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟು ತರಂಗಾಂತರಗಳೂ ಹುಟ್ಟುತ್ತವೆ. ತಂಬೂರಿಯ ಒಂದೇ ತಂತಿ ಮೀಟಿದರೆ ಅದರೊಳಗಿಂದ ಪಂಚಮ, ಮೇಲಿನ ಷಡ್ಜ, ಕೊನೆಗೆ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುವಂತೆ. ಈಗ ಗಮನಿಸಿ. 150 ಎಂಬುದು ಕಾಗದದ ಮೇಲಿನ ಅಂಕಿ. ತಯಾರಕರೇ ಕೊಡುವ ಮಿತಿ 127ರಿಂದ 173. ಒಂದು ಬೋರ್ಡು ಒಂದಿಷ್ಟು ಆಚೀಚೆ ಹೋಗಿ 153ಕ್ಕೆ ನಿಂತಿತು ಎನ್ನೋಣ. ಅದರ ನಾಲ್ಕು ಪಟ್ಟು ಎಷ್ಟು?

612. ಬೆಂಗಳೂರು ಆಕಾಶವಾಣಿ!

ಐದು ಪಟ್ಟು?

765. ಧಾರವಾಡ!

ಇದನ್ನು ಮೊದಲು ಕಾಗದದ ಮೇಲೆ ಬರೆದಾಗ ನನಗೇ ನಂಬಿಕೆಯಾಗಲಿಲ್ಲ. 153 ನಾಲ್ಕಲಿ 612, 153 ಐದಲಿ 765, ಒಂದು ಕಿಲೋಹರ್ಟ್ಸೂ ಆಚೀಚೆ ಇಲ್ಲ. ನಮ್ಮ ಮಧ್ಯಮ ತರಂಗದ ಕೇಂದ್ರಗಳೆಲ್ಲ ಒಂಬತ್ತರ ಮಗ್ಗಿಯಲ್ಲಿ ನಿಲ್ಲುತ್ತವೆ, ಆ ಮಗ್ಗಿಯಲ್ಲಿ ಈ ಎರಡಕ್ಕೂ ಸಾಮಾನ್ಯವಾದ ಅತಿ ದೊಡ್ಡ ಭಾಜಕ 153 ಆಗಿಬಿಟ್ಟಿದೆ. ಅಂದಮೇಲೆ ಎರಡು ಕೇಂದ್ರಗಳ ನಡುವಿನ ಅನುಪಾತ ನಾಲ್ಕಕ್ಕೆ ಐದು. ಸಂಗೀತ ಬಲ್ಲವರು ಇಲ್ಲಿ ತಲೆದೂಗಬೇಕು: ಬೆಂಗಳೂರು ಷಡ್ಜವಾದರೆ ಧಾರವಾಡ ಗಾಂಧಾರ! ಬೆಂಗಳೂರಿನವರು ಅದನ್ನು ಅಂತರ ಗಾಂಧಾರ ಎಂದಾರು, ಧಾರವಾಡದವರು ಶುದ್ಧ ಗಾಂಧಾರ ಎಂದಾರು. ಮೂರು ಪಟ್ಟು ನೋಡುವುದೇ ಬೇಡ ಎಂದರೂ ಕೈ ತಡೆಯದು: 459. ಎಷ್ಟೋ ರೇಡಿಯೊಗಳು ಬಂದ ಕೇಂದ್ರವನ್ನೆಲ್ಲ ಮೊದಲು 455 ಕಿಲೋಹರ್ಟ್ಸ್‌ಗೆ ಇಳಿಸಿಕೊಂಡೇ ಮುಂದಿನ ಕೆಲಸ ಮಾಡುತ್ತವೆ. ಅದರಿಂದ ಬರೀ ನಾಲ್ಕು ದೂರ! ಅದು ಒಳಗೆ ನುಸುಳಿದರೆ ಯಾವ ಕೇಂದ್ರಕ್ಕೆ ತಿರುಗಿಸಿದರೂ ನಾಲ್ಕು ಕಿಲೋಹರ್ಟ್ಸಿನ ಕೀರಲು ಸಿಳ್ಳೆ ಬೆನ್ನು ಬಿಡುವುದಿಲ್ಲ. ಮಂದ್ರ ಪಂಚಮ, ಷಡ್ಜ, ಗಾಂಧಾರ: ಒಂದು ನೀಲಿ ಬೋರ್ಡು ಕರ್ನಾಟಕದ ಎರಡು ಪ್ರಮುಖ ಕೇಂದ್ರಗಳನ್ನೂ ಸೆಟ್ಟಿನ ಹೃದಯವನ್ನೂ ಒಂದೇ ಶ್ರುತಿಯಲ್ಲಿ ಹಿಡಿದುಬಿಟ್ಟಿತು.

ಬೋರ್ಡು ಬಿಸಿಯಾಗಿ ತರಂಗಾಂತರ ಕಾಲು ಕಿಲೋಹರ್ಟ್ಸ್ ಸರಿದರೆ ಬೆಂಗಳೂರಿನಲ್ಲಿ ಸಾವಿರ ಹರ್ಟ್ಸಿನ ಸಿಳ್ಳೆ, ಧಾರವಾಡದಲ್ಲಿ ಸಾವಿರದ ಇನ್ನೂರೈವತ್ತು. ಗಾಡಿ ಬಿಸಿಲಲ್ಲಿ ನಿಂತಷ್ಟೂ ಸಿಳ್ಳೆ ನಿಧಾನವಾಗಿ ಜಾರುತ್ತ ಹೋಗುತ್ತದೆ.

ಪರಿಹಾರ ಹಳೆಯದು, ಅಗ್ಗದ್ದು: 7805 ಎಂಬ ಮೂರು ಕಾಲಿನ ರೆಗ್ಯುಲೇಟರ್. ಅದು ಏನನ್ನೂ ಕಡಿಯುವುದಿಲ್ಲ. ಹೆಚ್ಚಾದ ವೋಲ್ಟೇಜನ್ನು ಶಾಖ ಮಾಡಿ ಬಿಸಾಡುತ್ತದೆ. ಬ್ಲೂಟೂತ್ ಬೋರ್ಡ್ 0.1 ಆಂಪಿಯರ್ ಕುಡಿದರೆ ಹದಿನಾಲ್ಕರಿಂದ ಐದಕ್ಕಿಳಿಸುವಾಗ ಪೋಲಾಗುವುದು 0.9 ವಾಟ್. ದಕ್ಷತೆ ದಕ್ಷತೆ ಎಂದು ಬಾಯಿ ಬಡಿದುಕೊಳ್ಳುವವರಿಗೆ ಇದು ಪಾಪದಂತೆ ಕಾಣಬಹುದು. ಹೆಡ್‌ಲೈಟಿಗೆ ನಲವತ್ತೈದು ವಾಟ್ ಸುರಿಯುವ ಗಾಡಿಯಲ್ಲಿ ಒಂದು ವಾಟಿನ ಚಿಂತೆಯೇ? ಸೆಟ್ಟಿನ ಕಬ್ಬಿಣದ ಚಾಸಿಗೆ ತಿರುಪು ಹಾಕಿ ಬಿಗಿದರೆ ಶಾಖವೂ ಹೋಯಿತು. ಸ್ವಿಚಿಂಗ್ ಬೋರ್ಡೇ ಬೇಕೆಂಬ ಹಟವಿದ್ದರೆ ಅದನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ, ಒಳಹೋಗುವ ಹೊರಬರುವ ವೈರುಗಳಿಗೆಲ್ಲ ಚೋಕು, ಕಂಡೆನ್ಸರು ಇಟ್ಟು, ಸೆಟ್ಟಿನಿಂದ ದೂರ ಡಿಕ್ಕಿಯಲ್ಲಿಡಿ.

ಬ್ಲೂಟೂತ್ ಕೇಳುವಾಗ ಬರುವ ಸಿಳ್ಳೆ ಬೇರೆ ಜಾತಿ. ಅದು ಏರಿಯಲ್ಲಿನ ದಾರಿ ಹಿಡಿದು ಬರುವುದೇ ಇಲ್ಲ. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದೀರಾ? ಹನ್ನೆರಡು ಧ್ರುವದ ಆಲ್ಟರ್ನೇಟರ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಡಯೋಡುಗಳಿಂದ ಹೊರಬರುವ ಡಿಸಿಯ ಮೇಲೆ 1200 ಹರ್ಟ್ಸಿನ ಸಣ್ಣ ಅಲೆ ಕೂತಿರುತ್ತದೆ. 6000ಕ್ಕೆ 3600 ಹರ್ಟ್ಸ್. ನಮ್ಮ ಕಿವಿ ಅತಿ ಚುರುಕಾಗಿರುವ ಜಾಗಕ್ಕೇ ಬಂದು ಕೂರಬೇಕೇ ಇದು! ಬ್ಲೂಟೂತ್ ಬೋರ್ಡಿನ ಅರ್ತ್ ಒಂದು ಕಡೆ, ಆಂಪ್ಲಿಫೈಯರಿನ ಅರ್ತ್ ಇನ್ನೊಂದು ಕಡೆ ಬಾಡಿಗೆ ಸಿಕ್ಕಿಸಿದ್ದರೆ, ನಡುವಿನ ತಗಡಿನಲ್ಲಿ ಹತ್ತು ಆಂಪಿಯರ್ ಹರಿಯುವಾಗ ಕೆಟ್ಟ ಜೋಡಣೆಯ 0.01 ಓಮ್ ಸಾಕು, 0.1 ವೋಲ್ಟ್ ಹುಟ್ಟುತ್ತದೆ. ಹಾಡಿನ ಸಂಕೇತವೇ ಒಂದು ವೋಲ್ಟಿನ ಆಸುಪಾಸು. ಹಾಡಿನ ಹತ್ತನೆಯ ಒಂದು ಪಾಲು ಆಲ್ಟರ್ನೇಟರ್ ಹಾಡುತ್ತಿದೆ! ಎಲ್ಲ ಅರ್ತನ್ನೂ ಸೆಟ್ಟಿನ ಚಾಸಿಯ ಒಂದೇ ತಿರುಪಿಗೆ ತನ್ನಿ. ಅದೂ ಸಾಲದಿದ್ದರೆ ನಡುವೆ ಪುಟ್ಟ ಆಡಿಯೊ ಟ್ರಾನ್ಸ್‌ಫಾರ್ಮರ್ ಇಡಿ; ಹಾಡು ದಾಟುತ್ತದೆ, ಅರ್ತ್ ದಾಟುವುದಿಲ್ಲ. ಅಂದಹಾಗೆ, ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಕೊಟ್ಟಿರುವ ಹಳೆಯ ಬ್ರಿಟಿಷ್ ಗಾಡಿಗಳಿವೆ. ಅಲ್ಲಿ ಹೊಸ ಬೋರ್ಡಿನ ಮೈನಸ್ಸನ್ನು ಕಣ್ಣುಮುಚ್ಚಿ ಬಾಡಿಗೆ ಸಿಕ್ಕಿಸಿದರೆ ಗಲಾಟೆಯ ಪ್ರಶ್ನೆಯೇ ಉಳಿಯುವುದಿಲ್ಲ, ಹೊಗೆ ಬರುತ್ತದೆ.

ಇಷ್ಟೆಲ್ಲ ಮುಗಿಸಿ, ಗಾಡಿಯ ಪ್ರತಿ ಕಿಡಿಯನ್ನೂ ಅಡಗಿಸಿ, ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ಮುಳ್ಳು ತಂದರೂ ಒಂದಿಷ್ಟು ಕರಕರ ಉಳಿಯುತ್ತದೆ. ಅದು ಗಾಡಿಯದಲ್ಲ. ಎಲ್ಲೋ ದೂರದ ಗುಡುಗು ಮಿಂಚು. ಅದನ್ನೂ ಪಟ್ಟಿ ಮಾಡಲು ಹೊರಟ ಒಬ್ಬನಿದ್ದ! ಅಮೆರಿಕದ ಬೆಲ್ ಲ್ಯಾಬ್ಸ್‌ನ ಕಾರ್ಲ್ ಜಾನ್ಸ್ಕಿ. ಸಮುದ್ರದಾಚೆಯ ರೇಡಿಯೊ ಫೋನನ್ನು ಕೆಡಿಸುವ ಗಲಾಟೆ ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಅವನ ಕೆಲಸ. ನ್ಯೂಜೆರ್ಸಿಯ ಹೋಮ್‌ಡೆಲ್‌ನ ಹೊಲದಲ್ಲಿ ಸುಮಾರು ನೂರು ಅಡಿ ಉದ್ದದ ಏರಿಯಲ್ ಕಟ್ಟಿ, ಅದು ಸುತ್ತ ತಿರುಗಲೆಂದು ಕೆಳಗೆ ಚಕ್ರ ಜೋಡಿಸಿದ. ಯಾವ ಚಕ್ರ ಗೊತ್ತೆ? ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರ! 20.5 ಮೆಗಾಹರ್ಟ್ಸಿನಲ್ಲಿ ಅವನಿಗೆ ಮೂರು ಬಗೆಯ ಗಲಾಟೆ ಸಿಕ್ಕಿತು: ಹತ್ತಿರದ ಸಿಡಿಲು, ದೂರದ ಸಿಡಿಲು, ಮತ್ತು ಯಾವುದಕ್ಕೂ ಸೇರದ ಒಂದು ನಿರಂತರ ಸುಯ್‌ಗುಡುವಿಕೆ. ಅದು ಮತ್ತೆ ಮತ್ತೆ ಜೋರಾಗುತ್ತಿದ್ದದ್ದು 24 ಗಂಟೆಗೊಮ್ಮೆ ಅಲ್ಲ, 23 ಗಂಟೆ 56 ನಿಮಿಷಕ್ಕೊಮ್ಮೆ. ಸೂರ್ಯನ ದಿನವಲ್ಲ, ನಕ್ಷತ್ರಗಳ ದಿನ! 1933ರಲ್ಲಿ ಅವನು ಲೋಕಕ್ಕೆ ಹೇಳಿದ: ಇದು ಆಕಾಶಗಂಗೆಯ ನಡುವಿನಿಂದ ಬರುತ್ತಿದೆ. ರೇಡಿಯೊ ಖಗೋಳಶಾಸ್ತ್ರ ಹುಟ್ಟಿದ್ದು ಗಲಾಟೆ ಅಡಗಿಸಲು ಹೊರಟವನ ಕೈಯಲ್ಲಿ, ಕಾರಿನ ಚಕ್ರಗಳ ಮೇಲೆ.

ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ಉತ್ತರಕ್ಕೆ, ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸಿನಲ್ಲಿ ಆಕಾಶ ಆಲಿಸಲು ಕಟ್ಟಿದ ಸಾಲು ಸಾಲು ಏರಿಯಲ್ಲುಗಳು ಇದೇ ಕುಲದವು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ನಿಲ್ಲಿಸಿದವು. ಪ್ಲಗ್ಗಿನ ಕಿಡಿ ಧಾರಾಳವಾಗಿ ಹರಡುವ ಪಟ್ಟಿಯೊಳಗೇ ಬರುವ ತರಂಗಾಂತರ ಅದು; ಇಂಥದನ್ನು ನಗರದ ನಡುವೆ ಕಟ್ಟಲಾದೀತೆ?

ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಂತೂ 1958ರಿಂದಲೇ ಹದಿಮೂರು ಸಾವಿರ ಚದರ ಮೈಲಿಯ ರೇಡಿಯೊ ಮೌನವಲಯವಿದೆ. ಅಲ್ಲಿನ ದೈತ್ಯ ದೂರದರ್ಶಕದ ಹತ್ತಿರ ಪೆಟ್ರೋಲ್ ಗಾಡಿಗೆ ಪ್ರವೇಶವಿಲ್ಲ, ಡೀಸೆಲ್ ಗಾಡಿ ಮಾತ್ರ ಓಡಾಡುತ್ತದೆ. ಡೀಸೆಲ್ಲಿಗೆ ಪ್ಲಗ್ಗಿನ ಕಿಡಿ ಬೇಡವಲ್ಲ! ಆರ್ ಅಕ್ಷರದ ಪ್ಲಗ್ಗು, ಕಾರ್ಬನ್ ವೈರು, ಬಾನೆಟ್ಟಿಗೆ ತಾಮ್ರದ ಪಟ್ಟಿ ಎಂದು ಏನು ಹೇಳಿದರೂ ನಮ್ಮ ಪದ್ಮಿನಿಯನ್ನು ಒಳಗೆ ಬಿಡಲಿಕ್ಕಿಲ್ಲ. ಡೀಸೆಲ್ ಅಂಬಾಸಡರ್ ಆಗಿದ್ದರೆ ಬಿಟ್ಟಾರೇನೋ, ಆದರೆ ಬ್ಲೂಟೂತ್ ಬೋರ್ಡನ್ನು ಬಿಚ್ಚಿ ಗೇಟಿನಲ್ಲೇ ಇಟ್ಟು ಹೋಗಬೇಕಾದೀತು.